ಹೊಳೆ ದಾಟಿದರೆ ರೊಕ್ಕ ಬೇರೆ: ಸಣ್ಣ ಊರಿನ ಮ್ಯೂಸಿಯಂನಲ್ಲಿ ಸ್ಥಳೀಯ ಇತಿಹಾಸದ ಪ್ರದರ್ಶನ ಮಾಡುವುದು ಹೇಗೆ?

ನಮ್ಮ ಮ್ಯೂಸಿಯಂ ಅಂದರೆ ಎರಡು ಖೋಲಿ, ನಡುವೆ ಒಂದು ಪಡಸಾಲೆ. ಕೊಪ್ಪಳ ಜಿಲ್ಲೆಯ ಹೊಳೆದಂಡೆಯ ಊರು ನಮ್ಮದು. ಊರಿನವರು ಇದನ್ನು ಮ್ಯೂಸಿಯಂ ಅನ್ನುವುದೂ ಇಲ್ಲ, ‘ಹಳೇ ಸಾಮಾನಿನ ಖೋಲಿ’ ಅನ್ನುತ್ತಾರೆ.

ಮೊದಲ ಸಲ ಪ್ರದರ್ಶನ ಮಾಡಿದಾಗ ಶಿಲಾಯುಗದಿಂದ ಸ್ವಾತಂತ್ರ್ಯದವರೆಗೆ ಎಲ್ಲವನ್ನೂ ಗೋಡೆಗೆ ತೂಗುಹಾಕಿದೆವು. ಹಿರೇಬೆಣಕಲ್ಲಿನ ಮೋರ್ಯರ ಮನೆಗಳ (ಬೃಹತ್ ಶಿಲಾಯುಗದ ಕಲ್ಲಿನ ಗೋರಿಗಳ) ಫೋಟೊ, ಗವಿಮಠದ ಅಶೋಕನ ಶಾಸನದ ಫೋಟೊ, ಇಟಗಿಯ ಮಹಾದೇವ ಗುಡಿಯ ಫೋಟೊ, ಕೊಪ್ಪಳ ಕೋಟೆಯ ಫೋಟೊ. ಜನ ಬಂದರು, ಗೋಡೆಗುಂಟ ಒಂದು ಸುತ್ತು ಹೊಡೆದರು, ಚಹಾ ಕುಡಿದು ಹೋದರು. ಅವರು ನೋಡಿದ್ದ ಜಾಗಗಳ ಫೋಟೊವನ್ನೇ ಅವರಿಗೆ ಮತ್ತೆ ತೋರಿಸಿದ್ದೆವು, ಅಷ್ಟೇ.

ಒಬ್ಬ ಅಜ್ಜ ಮಾತ್ರ ನಿಂತುಬಿಟ್ಟರು. ಮೂಲೆಯ ಮೇಜಿನ ಮೇಲೆ ಯಾರೋ ಕೊಟ್ಟಿದ್ದ ಒಂದು ಬೆಳ್ಳಿ ರೂಪಾಯಿ ಇತ್ತು. ಅದನ್ನು ನೋಡಿ, ‘ಇದು ಹಾಲಿ. ಹೊಸಪೇಟಿ ಸಂತ್ಯಾಗ ಇದು ನಡೀತಿರ್ಲಿಲ್ಲ’ ಅಂದರು. ಪಕ್ಕದಲ್ಲಿದ್ದ ಹುಡುಗ ಯಾಕೆ ಅಂತ ಕೇಳಿದ. ಅಜ್ಜ ಹೇಳಲು ಶುರು ಮಾಡಿದರು. ಐದು ನಿಮಿಷದಲ್ಲಿ ಸುತ್ತ ಹತ್ತು ಜನ.

ಸಂಗತಿ ಇಷ್ಟು. 1948ರವರೆಗೆ ತುಂಗಭದ್ರೆ ನಮಗೆ ಬರೀ ಹೊಳೆ ಆಗಿರಲಿಲ್ಲ, ಗಡಿ ಆಗಿತ್ತು. ಈಚೆ ದಂಡೆ ಹೈದರಾಬಾದ್ ನಿಜಾಮನದು, ಆಚೆ ದಂಡೆ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಈಚೆ ನಿಜಾಮನ ರೂಪಾಯಿ ‘ಹಾಲಿ ಸಿಕ್ಕಾ’, ಆಚೆ ಬ್ರಿಟಿಷರ ರೂಪಾಯಿ ‘ಕಲ್ದಾರ್’. 7 ಹಾಲಿ ಕೊಟ್ಟರೆ 6 ಕಲ್ದಾರ್ ಅನ್ನುವ ಲೆಕ್ಕ. ಮುಂದಿನ ವರ್ಷದ ಪ್ರದರ್ಶನವನ್ನು ಈ ಒಂದೇ ವಿಷಯದ ಮೇಲೆ ಮಾಡಿದೆವು. ಆ ಕೆಲಸದಲ್ಲಿ ಕಲಿತದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಊರು ಬೇರೆ, ವಿಷಯವೂ ಬೇರೆ ಇರಬಹುದು. ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಒಂದು ಪ್ರಶ್ನೆ ಹುಡುಕಿ

‘ನಮ್ಮ ಊರಿನ ಇತಿಹಾಸ’ ಅನ್ನುವುದು ವಿಷಯವಲ್ಲ, ಅದೊಂದು ಗೋಣಿಚೀಲ. ಏನು ಬೇಕಾದರೂ ತುಂಬಬಹುದು. ಪ್ರದರ್ಶನಕ್ಕೆ ಒಂದು ಪ್ರಶ್ನೆ ಬೇಕು. ನಾನು ಪ್ರಶ್ನೆಯನ್ನು ಎರಡು ರೀತಿ ಪರೀಕ್ಷೆ ಮಾಡುತ್ತೇನೆ. ಏಳನೇ ಕ್ಲಾಸಿನ ಮಗುವಿಗೆ ಅದನ್ನು ಒಂದೇ ವಾಕ್ಯದಲ್ಲಿ ಕೇಳಲು ಬರಬೇಕು. ಊರಿನ ಹತ್ತು ಮನೆಗಳಲ್ಲಾದರೂ ಅದಕ್ಕೆ ಉತ್ತರದ ಒಂದೊಂದು ತುಣುಕು ಸಿಗಬೇಕು. ‘ಹೊಳೆ ದಾಟಿದರೆ ರೊಕ್ಕ ಯಾಕೆ ಬದಲಾಗುತ್ತಿತ್ತು?’ ಎರಡರಲ್ಲೂ ಪಾಸಾಯಿತು.

ಕೊಪ್ಪಳ, ರಾಯಚೂರು, ಬಳ್ಳಾರಿ, ಈ ಮೂರು ಜಿಲ್ಲೆಗಳಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಕುಡತಿನಿಯ ಬೂದಿದಿಬ್ಬವನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಅಗೆದು ನೋಡಿದವರು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಅಂದರು. ಅಷ್ಟು ಸಗಣಿ ಯಾಕೆ ಸುಟ್ಟರು? ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದನ್ನು ಗಾಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಆ ಕಲ್ಲನ್ನು ಹೇಗೆ ಎತ್ತಿರಬಹುದು? 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಅದು ಯಾಕೆ ಅಷ್ಟು ದೊಡ್ಡ ಸುದ್ದಿ? ಬಳ್ಳಾರಿಯವರಿಗೆ 1953ರ ಅಕ್ಟೋಬರ್ 1 ಇದೆ. ಅವತ್ತು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಚಿತ್ರಗಾರರಿಗೆ ಹಗುರ ಕಟ್ಟಿಗೆ ಎಲ್ಲಿಂದ ಬರುತ್ತಿತ್ತು ಅಂತ ಕೇಳಿದರೂ ಒಂದು ಖೋಲಿ ತುಂಬುತ್ತದೆ. ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿದ ಊರುಗಳ ಬಗ್ಗೆ ಕೇಳಿದರಂತೂ ಎರಡೂ ಖೋಲಿ ಸಾಲುವುದಿಲ್ಲ.

ಹಳೆಯ ರಾಜರ ಪ್ರಶ್ನೆ ಹಿಡಿದರೆ ಒಂದು ತೊಂದರೆ ಇದೆ. ಮನೆಗಳಲ್ಲಿ ಏನೂ ಸಿಗುವುದಿಲ್ಲ, ಮತ್ತೆ ಫೋಟೊಗಳೇ ಗತಿ. ಮೊದಲ ಪ್ರದರ್ಶನಕ್ಕೆ ನೂರು ವರ್ಷದ ಒಳಗಿನ ವಿಷಯ ಹಿಡಿಯಿರಿ.

ದಿನ ಮತ್ತು ಜನ

ಮೂರು ತಿಂಗಳು ಮೊದಲೇ ಶುರು ಮಾಡಿ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ ಅಂತ ಹಲವರು ಆ ದಿನ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಜನ ಮನೆಯ ಹೊಸ್ತಿಲು ದಾಟುವುದಿಲ್ಲ, ಶಾಲೆಗೂ ರಜೆ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಹವೆ ತಂಪು, ಶಾಲೆ ನಡೆಯುತ್ತಿರುತ್ತದೆ. ಜನವರಿ ಹೊತ್ತಿಗೆ ಗವಿಸಿದ್ಧೇಶ್ವರ ಜಾತ್ರೆಗೆ ಪರಊರಿನ ನೆಂಟರೆಲ್ಲ ಬಂದಿರುತ್ತಾರೆ, ಅದೂ ಒಳ್ಳೆಯದೇ. ಜಾತ್ರೆಯ ದಿನವೇ ಮಾತ್ರ ಬೇಡ, ತೇರು ಬಿಟ್ಟು ನಿಮ್ಮ ಸೇರು ನೋಡಲು ಯಾರು ಬರುತ್ತಾರೆ? ನಮ್ಮ ವಿಷಯಕ್ಕೆ ಸೆಪ್ಟೆಂಬರ್ 17 ಸರಿಹೊಂದಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಸೈನ್ಯಕ್ಕೆ ಶರಣಾದ ದಿನ ಅದು.

ಜನ ಐದಾರು ಸಾಕು. ಲೆಕ್ಕ ಬರೆಯುವ ತಾಳ್ಮೆ ಇರುವ ಒಬ್ಬರು, ಫೋನಿನಲ್ಲಿ ಚೆನ್ನಾಗಿ ಫೋಟೊ ತೆಗೆಯುವ ಒಬ್ಬರು, ಲೈಟು ಮತ್ತು ಮೊಳೆಯ ಕೆಲಸ ಗೊತ್ತಿರುವ ಒಬ್ಬರು. ಇನ್ನೊಬ್ಬರು ಬೇಕೇ ಬೇಕು: ಅಡುಗೆಮನೆಯವರೆಗೆ ಹೋಗಿ ಕೂತು ಮಾತಾಡಬಲ್ಲ ಹೆಂಗಸು. ನಮ್ಮ ತಂಡಕ್ಕೆ ಅಂಗನವಾಡಿಯ ಅಕ್ಕ ಸಿಕ್ಕರು. ನಮಗೆ ಸಿಕ್ಕ ಸಾಮಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಂದಲೇ ಬಂದದ್ದು. ನಿಜಾಮರ ಕಾಲದ ವಿಷಯವಾದರೆ ಉರ್ದು ಓದಬಲ್ಲವರೂ ಬೇಕು. ಆಡಳಿತದ ಭಾಷೆ ಆಗ ಉರ್ದು.

ಮನೆ ಮನೆಗೆ ಹೋಗುವುದು

ಕೆಲಸದ ಜೀವಾಳ ಇದು. ಇದಕ್ಕೇ ಒಂದೂವರೆ ತಿಂಗಳು ಇಟ್ಟುಕೊಳ್ಳಿ.

‘ನಿಮ್ಮ ಮನೆಯಲ್ಲಿ ಹಳೇ ವಸ್ತು ಏನಾದರೂ ಇದೆಯಾ?’ ಅಂತ ಕೇಳಬೇಡಿ. ‘ಏನೂ ಇಲ್ರೀ’ ಅಂತ ಉತ್ತರ ಬರುತ್ತದೆ. ಹಳೇ ಸಾಮಾನು ಕೊಳ್ಳುವವರು ಊರೂರು ತಿರುಗಿ ಹಿತ್ತಾಳೆ, ತಾಮ್ರ, ಬಾಗಿಲ ಚೌಕಟ್ಟು ಎಲ್ಲ ಒಯ್ದಿದ್ದಾರೆ. ನಿಮ್ಮನ್ನೂ ಅವರಂಥವರೇ ಅಂದುಕೊಳ್ಳುತ್ತಾರೆ. ಸಣ್ಣದಾಗಿ ಕೇಳಿ. ‘ಯವ್ವಾ, ನಿಮ್ಮತ್ತಿ ಕಾಳು ಅಳೀತಿದ್ದ ಸೇರು ಐತೇನು?’ ‘ಅಜ್ಜಾರ, ನೀವು ಸಾಲಿ ಕಲಿಯೋವಾಗ ಉರ್ದು ಪುಸ್ತಕ ಇತ್ತಾ?’ ಹೀಗೆ ಕೇಳಿದರೆ ಟ್ರಂಕಿನ ಬೀಗ ತೆರೆಯುತ್ತದೆ. ನಿಮ್ಮ ಮನೆಯ ಒಂದು ವಸ್ತುವನ್ನು ಮೊದಲು ಕೈಯಲ್ಲಿ ಹಿಡಿದು ಹೋಗುವುದು ಇನ್ನೂ ಒಳ್ಳೆಯದು. ನಾನು ನಮ್ಮಜ್ಜನ ಪಾವುಸೇರು ಒಯ್ಯುತ್ತಿದ್ದೆ. ಅದನ್ನು ನೋಡಿದವರು ‘ನಮ್ದು ಇದ್ಕಿಂತ ದೊಡ್ಡದೈತಿ’ ಅಂತ ಒಳಗೆ ಹೋಗಿ ತರುತ್ತಿದ್ದರು.

ಊರಿನ ಓಣಿಗಳ ನಕ್ಷೆ ಒಂದನ್ನು ಕೈಯಿಂದಲೇ ಬರೆದುಕೊಳ್ಳಿ. ಹೋದ ಮನೆಗಳಿಗೆ ಚುಕ್ಕಿ ಇಡಿ. ಎರಡು ವಾರದ ಮೇಲೆ ನಕ್ಷೆ ನೋಡಿದಾಗ ನಮಗೆ ನಾಚಿಕೆಯಾಯಿತು. ಚುಕ್ಕಿಗಳೆಲ್ಲ ಗೌಡರ, ಶೆಟ್ಟರ, ಕುಲಕರ್ಣಿಗಳ ಓಣಿಯಲ್ಲೇ ಇದ್ದವು. ಕೇರಿಯ ಕಡೆ ಒಂದೂ ಇರಲಿಲ್ಲ. ಆಮೇಲೆ ಹೋದಾಗ ಒಬ್ಬರು ಬಾರಿಸುವ ಹಲಗೆ ಕೊಟ್ಟರು, ಒಬ್ಬರು ಚರ್ಮ ಕೊಯ್ಯುವ ರಂಪಿಗೆ ಕೊಟ್ಟರು. ಹರಿಗೋಲು ಹಾಕುತ್ತಿದ್ದ ಮನೆತನದ ಅಜ್ಜ ಕೊಟ್ಟದ್ದು ಮಾತು. ಹೊಳೆ ದಾಟಿಸಿದ್ದಕ್ಕೆ ತನ್ನ ಅಪ್ಪ ರೊಕ್ಕಕ್ಕಿಂತ ಕಾಳನ್ನೇ ಇಷ್ಟಪಡುತ್ತಿದ್ದ ಅಂದರು. ಎರಡು ದಂಡೆಗೂ ಕಾಳು ಒಂದೇ ತಾನೇ! ಗಡಿಯ ಪ್ರದರ್ಶನದಲ್ಲಿ ಗಡಿ ದಾಟಿಸುವವನೇ ಇಲ್ಲದೆ ಹೋಗುತ್ತಿತ್ತು, ಆ ಓಣಿಗೆ ಹೋಗದಿದ್ದರೆ.

ಏನು ತರಬಾರದು ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬಂಗಾರ ಬೇಡ. ಜಗಲಿಯ ದೇವರು ಬೇಡ. ಹೊಲದ ಕಾಗದ, ಮನೆಯ ಕಾಗದ ಮೂಲಪ್ರತಿ ಬೇಡವೇ ಬೇಡ. ಅವರ ಮನೆಯಲ್ಲೇ ಕೂತು, ಅವರ ಎದುರಿಗೇ ಫೋಟೊ ತೆಗೆದು ವಾಪಸ್ ಕೊಡಿ. ಅಣ್ಣತಮ್ಮಂದಿರ ತಕರಾರಿನ ಹೊಲದ ಕಾಗದ ನಿಮ್ಮ ಗೋಡೆಯ ಮೇಲೆ ಬಂದರೆ ಪ್ರದರ್ಶನ ಕೋರ್ಟಿಗೆ ಹೋಗುತ್ತದೆ. ಹಳೇ ಫೋಟೊಗಳನ್ನೂ ಸ್ಕ್ಯಾನ್ ಮಾಡಿ ಅವತ್ತೇ ಮರಳಿಸಿ. 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಗೋಡೆಗೆ ದೊಡ್ಡದು ಮಾಡಿ ಹಾಕಬಹುದು. ಕಟ್ಟು ಹಾಕಿದ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ಫೋಟೊ ತೆಗೆಯಿರಿ, ಫ್ಲಾಶ್ ಆಫ್ ಮಾಡಿ, ಸ್ವಲ್ಪ ಓರೆಯಾಗಿ ನಿಂತು.

ಎರವಲು ಚೀಟಿ

ಒಂದು ಸಾಮಾನು ಬಂದರೆ ಒಂದು ಚೀಟಿ. ‘ಏ, ನಮ್ಮವರೇ ಬಿಡ್ರೀ, ಚೀಟಿ ಯಾಕೆ’ ಅಂತ ಎಲ್ಲರೂ ಅನ್ನುತ್ತಾರೆ. ನಮ್ಮವರು ಅಂತಲೇ ಚೀಟಿ ಬೇಕು. ನಮ್ಮದು ಹೀಗಿದೆ:

ಚೀಟಿ ನಂಬರ್: 14
ಸಾಮಾನು: ಹಿತ್ತಾಳೆ ಸೇರು, ಒಂದು
ಯಾರ ಮನೆಯದು, ಫೋನ್:
ಯಾರು ಬಳಸುತ್ತಿದ್ದರು, ಯಾವಾಗ:
ಸ್ಥಿತಿ: ಬಾಯಿಯ ಅಂಚಿಗೆ ಹೆಬ್ಬೆರಳಷ್ಟು ನೆಗ್ಗು, ತಳದಲ್ಲಿ ಬೆಸುಗೆ
ಕೊಟ್ಟವರ ಹೆಸರು ಹಾಕಬಹುದೇ: ಹೌದು / ಬೇಡ
ನೋಡುವವರು ಮುಟ್ಟಬಹುದೇ: ಹೌದು / ಬೇಡ
ತಂದ ದಿನ, ಮರಳಿಸುವ ದಿನ, ಎರಡೂ ಕಡೆಯ ಸಹಿ:

ಎರಡು ಪ್ರತಿ ಮಾಡಿ, ಒಂದು ಅವರಿಗೆ ಕೊಡಿ. ಅದೇ ನಂಬರನ್ನು ದಾರ ಕಟ್ಟಿದ ಸಣ್ಣ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸಾಮಾನಿಗೆ ಕಟ್ಟಿ. ಸಾಮಾನಿನ ಮೇಲೆ ಅಂಟಿಸುವುದಾಗಲಿ, ಮಾರ್ಕರಿನಲ್ಲಿ ಬರೆಯುವುದಾಗಲಿ ಬೇಡ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.

‘ಸ್ಥಿತಿ’ ಅನ್ನುವ ಸಾಲನ್ನು ಸುಮ್ನೆ ಬಿಡಬೇಡಿ. 14ನೇ ನಂಬರಿನ ಆ ಸೇರು ಬಂದಾಗ ಕಪ್ಪಗಿತ್ತು. ನಮ್ಮ ಹುಡುಗನೊಬ್ಬ ಉತ್ಸಾಹದಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದ ಹಾಗೆ ಮಾಡಿಟ್ಟ. ಉದ್ಘಾಟನೆಯ ದಿನ ಮನೆಯೊಡತಿ ಬಂದು ನೋಡಿ, ‘ಇದು ನಮ್ದಲ್ಲ’ ಅಂದುಬಿಟ್ಟರು. ಕಣ್ಣಲ್ಲಿ ನೀರು. ಚೀಟಿ ತಂದು, ನೆಗ್ಗು ತೋರಿಸಿ, ಬೆಸುಗೆ ತೋರಿಸಿದ ಮೇಲೆ ಒಪ್ಪಿದರು. ಒಪ್ಪಿದರು, ಆದರೆ ‘ನಮ್ಮತ್ತಿ ಕೈಯಾಗಿನ ಬಣ್ಣ ಹೋತು’ ಅಂದರು. ಅವತ್ತಿನಿಂದ ನಮ್ಮಲ್ಲಿ ಯಾವ ಸಾಮಾನನ್ನೂ ತೊಳೆಯುವುದಿಲ್ಲ. ಒಣ ಹತ್ತಿ ಬಟ್ಟೆಯಿಂದ ದೂಳು ಒರೆಸುವುದು, ಅಷ್ಟೇ. ನಾಣ್ಯಕ್ಕೂ ಇದೇ ಮಾತು. ಪೇಸ್ಟು, ಬೂದಿ, ನಿಂಬೆಹಣ್ಣು ಹಾಕಿ ತಿಕ್ಕಿದರೆ ಅಕ್ಷರ ಸವೆಯುತ್ತದೆ.

ದಾನ ಕೊಡುತ್ತೇವೆ ಅಂದವರಿಗೆ ‘ಈಗ ಎರವಲು ಕೊಡಿ, ಪ್ರದರ್ಶನ ಮುಗಿದು ಒಂದು ತಿಂಗಳಾದ ಮೇಲೂ ಅನ್ನಿಸಿದರೆ ಕೊಡಿ’ ಅನ್ನಿ. ಮನೆಯ ಉಳಿದವರನ್ನು ಕೇಳಲು ಅವರಿಗೂ ಸಮಯ ಸಿಗುತ್ತದೆ.

ಕಾಯ್ದೆಯ ಮಾತು

ಹೊಲ ಉಳುವಾಗ ಸಿಕ್ಕ ನಾಣ್ಯದ ಗಡಿಗೆ, ಅಡಿಪಾಯ ತೋಡುವಾಗ ಸಿಕ್ಕ ಮೂರ್ತಿ ಇಂಥದ್ದನ್ನು ಯಾರಾದರೂ ತಂದರೆ ಮೇಜಿನ ಮೇಲೆ ಇಡಬೇಡಿ. ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ತಂದವರನ್ನು ಹೆದರಿಸದೆ ತಹಶೀಲ್ದಾರ್ ಕಚೇರಿಗೆ ನೀವೇ ಜೊತೆಗೆ ಹೋಗಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವುಗಳಲ್ಲಿ ಮೂರ್ತಿ, ಚಿತ್ರ, ಹಸ್ತಪ್ರತಿಯಂಥ ಕೆಲವಕ್ಕೆ ನೋಂದಣಿ ಬೇಕು. ಅನುಮಾನ ಇದ್ದರೆ ಪುರಾತತ್ವ ಇಲಾಖೆಯವರನ್ನು ಕೇಳಿ, ಬರೆದು ಕೇಳಿ. ಇಟಗಿಯಂಥ ಸಂರಕ್ಷಿತ ಗುಡಿಯ ಆವರಣದಲ್ಲಿ ಕಾರ್ಯಕ್ರಮ ಮಾಡುವುದಿದ್ದರೂ ಮೊದಲೇ ಅನುಮತಿ ಬೇಕು.

ತಾಳೆ ನೋಡುವುದು

ಸಾಮಾನು ಬಂತು, ಕತೆಯೂ ಬಂತು. ಕತೆ ನಿಜವಾ? ‘ನಮ್ಮ ಮುತ್ತಜ್ಜನಿಗೆ ಟಿಪ್ಪು ಸುಲ್ತಾನ ಕೊಟ್ಟ ಕತ್ತಿ’ ಅಂತ ಕನಿಷ್ಠ ಇಬ್ಬರಾದರೂ ಹೇಳುತ್ತಾರೆ. ವಾದ ಮಾಡಬೇಡಿ. ‘ಮನೆಯವರು ಹೀಗೆ ಹೇಳುತ್ತಾರೆ’ ಅಂತ ಬರೆಯಿರಿ. ಅದು ಸುಳ್ಳಲ್ಲ, ಅವರು ಹಾಗೆ ಹೇಳುವುದು ನಿಜ ತಾನೇ.

ನಿಜಾಮರ ಕಾಲದ ಕಾಗದಗಳಲ್ಲಿ ಇಸವಿ ನೋಡಿ ಗಾಬರಿಯಾಗಬೇಡಿ. ಅದು ಫಸಲಿ ವರ್ಷ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಫಸಲಿ 1357 ಅಂದರೆ 1947-48. ನಾಣ್ಯದ ಮೇಲೆ ಇರುವುದು ಹಿಜರಿ ವರ್ಷ, ಅಂದರೆ ಮುಸ್ಲಿಮರ ಚಾಂದ್ರಮಾನ ವರ್ಷ. ಅದಕ್ಕೆ ಹೀಗೆ ಕೂಡಿಸಿದರೆ ತಪ್ಪಾಗುತ್ತದೆ. ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಪಟ್ಟಿ ನೋಡಿಯೇ ಬದಲಿಸಿ. 1337 ಅಂದರೆ 1918-19.

ಹಿರಿಯರನ್ನು ‘ಯಾವ ಇಸವಿ?’ ಅಂತ ಕೇಳಿದರೆ ಪ್ರಯೋಜನವಿಲ್ಲ. ‘ರಜಾಕಾರರ ಗದ್ದಲಕ್ಕಿಂತ ಮೊದಲೋ, ಆಮೇಲೋ?’ ‘ಡ್ಯಾಮ್ ಕಟ್ಟುತ್ತಿದ್ದಾಗ ನಿಮಗೆ ಮದುವೆ ಆಗಿತ್ತಾ?’ ಅಂತ ಕೇಳಿ. (ರಜಾಕಾರರು ಅಂದರೆ ನಿಜಾಮನ ಪರ ನಿಂತಿದ್ದ ಖಾಸಗಿ ಪಡೆ.) ತುಂಗಭದ್ರಾ ಡ್ಯಾಮಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಿತು. ಈ ಎರಡು ಗೂಟಗಳ ನಡುವೆ ಬಹಳಷ್ಟು ನೆನಪುಗಳನ್ನು ಕಟ್ಟಬಹುದು. ತಡ ಮಾಡಬೇಡಿ. 1948ರಲ್ಲಿ ಎಂಟು ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ. ರೆಕಾರ್ಡ್ ಮಾಡುವ ಮೊದಲು ಕೇಳಿ, ಫ್ಯಾನ್ ಆಫ್ ಮಾಡಿ, ಫೋನನ್ನು ಟವೆಲ್ ಮೇಲೆ ಇಡಿ. ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ.

ಊರಲ್ಲಿ ಶಾಸನ ಇದ್ದರೆ ಒಂದು ಮಾತು. ಓದಲು ಬರಲಿ ಅಂತ ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು ಬೇಡ. ರಾತ್ರಿ ಹೋಗಿ. ಟಾರ್ಚನ್ನು ಕಲ್ಲಿಗೆ ಅಂಟಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಹಗಲು ಕಾಣದ ಅಕ್ಷರಗಳು ನೆರಳು ಬಿಟ್ಟು ಏಳುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ನಿಮ್ಮ ಊರಿನ ಕಲ್ಲು ಅದರಲ್ಲಿದೆಯಾ ಅಂತ ಮೊದಲು ನೋಡಿ.

ನೋವಿನ ವಿಷಯ ಬಂದಾಗ

1948ರ ಬಗ್ಗೆ ಪ್ರದರ್ಶನ ಮಾಡುವಾಗ ರಜಾಕಾರರನ್ನು ಬಿಟ್ಟು ಮಾಡಲಾಗದು. ಊರು ಬಿಟ್ಟು ಹೊಳೆಯಾಚೆ ಓಡಿದ ಕುಟುಂಬಗಳಿವೆ. ಆಚೆ ಗಡಿಯಲ್ಲಿ ನಿಜಾಮನ ವಿರುದ್ಧ ಹೋರಾಡುವವರ ಶಿಬಿರಗಳಿದ್ದವು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದ್ದು ಈ ಭಾಗದ ಹಿರಿಯರಿಗೆ ಚೆನ್ನಾಗಿ ಗೊತ್ತು. ಇದನ್ನೆಲ್ಲ ಹೇಳಲೇಬೇಕು. ಆದರೆ ಅದೇ ಊರಿನಲ್ಲಿ ಆ ಕಾಲದಲ್ಲಿ ಹೆದರಿಕೊಂಡಿದ್ದ ಮುಸ್ಲಿಂ ಮನೆಗಳೂ ಇವೆ, ಸೈನ್ಯ ಬಂದ ಮೇಲಿನ ದಿನಗಳ ನೆನಪು ಅವರಿಗೆ ಬೇರೆ ಇದೆ. ನಮ್ಮ ಮೊದಲ ಕರಡಿನಲ್ಲಿ ಆ ಮನೆಗಳ ಒಂದು ಮಾತೂ ಇರಲಿಲ್ಲ. ಉರ್ದು ಕಾಗದ ಓದಲು ಬಂದ ನಿವೃತ್ತ ಮಾಸ್ತರರು ಏನೂ ಆಕ್ಷೇಪ ಮಾಡಲಿಲ್ಲ. ‘ನಮ್ಮ ತಾಯಿ ಆ ವಾರ ಒಲಿ ಹಚ್ಚಲಿಲ್ಲ’ ಅಂತಷ್ಟೇ ಅಂದರು. ಅವರನ್ನು ಕೇಳಿಕೊಂಡು, ಆ ಮಾತನ್ನೇ ಹೆಸರಿಲ್ಲದೆ ಗೋಡೆಯ ಮೇಲೆ ಹಾಕಿದೆವು.

ಇಂಥ ಕಡೆ ನಾವು ಇಟ್ಟುಕೊಂಡ ಪದ್ಧತಿ ಹೇಳುತ್ತೇನೆ. ಯಾರು ಏನು ಮಾಡಿದರು ಅನ್ನುವುದಕ್ಕೆ ಕಾಗದದ ಆಧಾರ ಇದ್ದರೆ ಹಾಗೇ ಬರೆಯುವುದು. ನೆನಪಾದರೆ ‘ನೆನಪು’ ಅಂತ ಬರೆಯುವುದು. ಈಗ ಊರಲ್ಲಿರುವ ಯಾವ ಮನೆತನದ ಹೆಸರನ್ನೂ ಆರೋಪದ ಜೊತೆ ಹಾಕದಿರುವುದು. ಬರಹವನ್ನು ಬೇರೆ ಬೇರೆ ಓಣಿಯ ಮೂವರಿಗೆ ಮೊದಲೇ ಓದಿಸುವುದು. ಬಿಸಿಯಾದ ಮಾತು ಆ ಓದಿನಲ್ಲೇ ಬರಲಿ, ಉದ್ಘಾಟನೆಯ ದಿನ ಬೇಡ.

ಬರಹ ಮತ್ತು ಪ್ರಿಂಟು

ಒಂದು ವಸ್ತುವಿಗೆ ನಾಲ್ಕೈದು ಸಾಲು ಸಾಕು. ‘ನಿಜಾಮರ ಕಾಲದ ಪುರಾತನ ನಾಣ್ಯ’ ಅಂತ ಮೊದಲ ವರ್ಷ ಬರೆದಿದ್ದೆವು. ಎರಡನೇ ವರ್ಷ ಬರೆದದ್ದು ಇದು:

‘ಹಾಲಿ ರೂಪಾಯಿ. ನಡುವೆ ಚಾರ್‌ಮಿನಾರ್ ಇದೆ. ಅದರ ಬಾಗಿಲೊಳಗೆ ಒಂದು ಅಕ್ಷರ ಕಂಡಿತೇ? ಅದು ಐನ್, ಏಳನೇ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಮೊದಲ ಅಕ್ಷರ. ಈ ಮನೆಯ ಅಜ್ಜಿ ಇದನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದರು. ಇಂಥ ಏಳು ಕೊಟ್ಟರೆ ಹೊಳೆಯಾಚೆ ನಡೆಯುವ ಆರು ಕಲ್ದಾರ್ ಸಿಗುತ್ತಿದ್ದವು.’

ಅಕ್ಷರ ಹುಡುಕಲು ಮಕ್ಕಳು ಮೇಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದರು. ಭೂತಗನ್ನಡಿ ಒಂದನ್ನು ದಾರ ಕಟ್ಟಿ ಇಡಿ. ದಾರ ಇಲ್ಲದ್ದನ್ನು ಇಟ್ಟರೆ ಸಂಜೆಯೊಳಗೆ ಮಾಯ.

ಪ್ರಿಂಟಿನ ಅಂಗಡಿಯಲ್ಲಿ ಕನ್ನಡಕ್ಕೆ ಆಗುವ ಗತಿ ನಿಮಗೆ ಗೊತ್ತೇ ಇದೆ. ನಾವು ಯೂನಿಕೋಡಿನಲ್ಲಿ ಕಳಿಸಿದ್ದು ಅವರ ಹಳೇ ಸಾಫ್ಟ್‌ವೇರಿನಲ್ಲಿ ತೆರೆದು ಒತ್ತಕ್ಷರಗಳೆಲ್ಲ ಬಿಡಿಬಿಡಿಯಾದವು. ‘ಕಲ್ದಾರ್’ ಓದಿದರೆ ಬೇರೆಯೇ ಆಗಿತ್ತು. ರಾತ್ರಿ ಹನ್ನೊಂದಕ್ಕೆ ನೋಡಿದ್ದು, ಬೆಳಿಗ್ಗೆ ಉದ್ಘಾಟನೆ. ಆದ್ದರಿಂದ ಪಿಡಿಎಫ್ ಮಾಡಿಯೇ ಕಳಿಸಿ. ದೊಡ್ಡದು ತೆಗೆಯುವ ಮೊದಲು ಸಾದಾ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಕನ್ನಡ ಬಲ್ಲ ಇಬ್ಬರು ಜೋರಾಗಿ ಓದಿ ನೋಡಿ. ಫ್ಲೆಕ್ಸ್ ಹೊಳೆಯುತ್ತದೆ, ಲೈಟು ಬಿದ್ದರೆ ಓದಲು ಬರುವುದಿಲ್ಲ. ಹೊಳಪಿಲ್ಲದ ಕಾಗದವನ್ನು ಸನ್ ಬೋರ್ಡಿಗೆ ಹಚ್ಚಿಸಿ. ಒಂದೂವರೆ ಮೀಟರ್ ದೂರದಿಂದ ನಿಮ್ಮ ಅಮ್ಮನಿಗೆ ಕನ್ನಡಕ ಹಾಕಿಕೊಂಡು ಓದಲು ಬಂದರೆ ಅಕ್ಷರ ಸರಿಯಾದ ಗಾತ್ರದ್ದು.

ಜೋಡಿಸುವುದು

ಶಾಲೆಯ ಡೆಸ್ಕುಗಳು ಸಾಕು. ಮೇಲೆ ತೊಳೆದು ಗಂಜಿ ತೆಗೆದ ಕೋರಾ ಬಟ್ಟೆ ಹಾಸಿ. ಬಣ್ಣದ ಸ್ಯಾಟಿನ್ ಬೇಡ, ಅದು ಮದುವೆ ಮಂಟಪದ ಹಾಗೆ ಕಾಣುತ್ತದೆ, ಬಣ್ಣವೂ ಬಿಡುತ್ತದೆ. ಗೋಡೆಯ ಫೋಟೊಗಳ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಶಾಲಾ ಮಕ್ಕಳೇ ಜಾಸ್ತಿ ಬರುವುದಾದರೆ 120ಕ್ಕೆ ಇಳಿಸಿ. ಎಲ್ಲವೂ ಒಂದೇ ಗೆರೆಯಲ್ಲಿರಲಿ.

ಬೆಳಕು ಕಾಗದದ ಮತ್ತು ಬಟ್ಟೆಯ ಶತ್ರು. ಇಳಕಲ್ ಸೀರೆ, ಕೌದಿ, ಹಳೇ ಪತ್ರ ಇವು ಕಿಟಕಿಯ ಎದುರಿಗೆ ಬೇಡ. ಮೂಲ ಕಾಗದ ಇಡಲೇಬೇಕಾದರೆ ಬೆಳಕು 50 ಲಕ್ಸ್ ದಾಟಬಾರದು ಅನ್ನುತ್ತಾರೆ ತಿಳಿದವರು (ಲಕ್ಸ್ ಅಂದರೆ ಬೆಳಕಿನ ಅಳತೆ). ಫೋನಿನಲ್ಲೇ ಅಂದಾಜಾಗಿ ಅಳೆಯುವ ಆಪ್ ಸಿಗುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ ಮೂಲ ಕಾಗದ ಇಡಬೇಡಿ, ಒಳ್ಳೆಯ ಬಣ್ಣದ ಪ್ರತಿ ಇಡಿ. ಸೆಲ್ಲೋಟೇಪು, ಲ್ಯಾಮಿನೇಷನ್ ಎರಡೂ ಕಾಗದವನ್ನು ನಿಧಾನಕ್ಕೆ ಕೊಲ್ಲುತ್ತವೆ. ನೆಲದ ಮೇಲೆ ಕಟ್ಟಿಗೆ ಸಾಮಾನು ಇಡುವುದಿದ್ದರೆ ಕೆಳಗೆ ಇಟ್ಟಿಗೆ ಕೊಡಿ, ಗೆದ್ದಲು ರಜೆ ಹಾಕುವುದಿಲ್ಲ.

ಮುಟ್ಟಬಹುದಾದ ಸಾಮಾನಿಗೆ ಒಂದು ಮೇಜು ಬೇರೆ ಇಡಿ. ಬೀಸುಕಲ್ಲು, ಸೇರು, ಕೂರಿಗೆಯ ಬಟ್ಟಲು. ಚೀಟಿಯಲ್ಲಿ ‘ಮುಟ್ಟಬಹುದು’ ಅಂದವರದ್ದು ಮಾತ್ರ. ಬೀಸುಕಲ್ಲಿಗೆ ಒಂದಿಷ್ಟು ಜೋಳ ಇಟ್ಟರೆ ಅಜ್ಜಿಯರು ತಾವಾಗಿಯೇ ಕೂತು ಹಾಡಲು ಶುರು ಮಾಡುತ್ತಾರೆ. ನೀವು ಕಾರ್ಯಕ್ರಮ ಅಂತ ಬೇರೆ ಇಡಬೇಕಿಲ್ಲ.

ನಮ್ಮ ಎರಡು ಖೋಲಿಯನ್ನು ಎರಡು ದಂಡೆ ಮಾಡಿದೆವು. ನಡುವಿನ ಪಡಸಾಲೆಯ ನೆಲಕ್ಕೆ ನೀಲಿ ಬಟ್ಟೆ ಹಾಸಿದೆವು, ಅದೇ ಹೊಳೆ. ಈಚೆ ಖೋಲಿಯಲ್ಲಿ ಉರ್ದು ಕಾಗದ, ಹಾಲಿ, ಪೊಲೀಸ್ ಪಟೇಲರ ಮುದ್ರೆ. ಆಚೆ ಖೋಲಿಯಲ್ಲಿ ಕಲ್ದಾರ್, ಮದ್ರಾಸಿನ ಅಂಚೆ ಕಾರ್ಡು, ಹೊಸಪೇಟೆಯ ಸಂತೆಯ ಕತೆ.

ಕಾರ್ಯಕ್ರಮಗಳು

ಉದ್ಘಾಟನೆ ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಆದರೆ ಮಕ್ಕಳು ಬಿಸಿಲಲ್ಲಿ ಬಾಡುತ್ತಾರೆ. ದೀಪ ಹಚ್ಚುವುದು ಅಂಗಳದಲ್ಲಿ ಇರಲಿ, ಕಾಗದ ಬಟ್ಟೆ ಇರುವ ಖೋಲಿಯಲ್ಲಿ ಎಣ್ಣೆ ಬೆಂಕಿ ಎರಡೂ ಬೇಡ. ಒಂದು ವರ್ಷ ಮುಖ್ಯ ಅತಿಥಿ ಎರಡು ತಾಸು ತಡವಾಗಿ ಬಂದರು. ಮರು ವರ್ಷ ಸಾಮಾನು ಕೊಟ್ಟ ಮೂವರು ಅಜ್ಜಿಯರಿಂದ ಟ್ರಂಕಿನ ಬೀಗ ತೆಗೆಸಿದೆವು. ಅವರು ಅರ್ಧ ತಾಸು ಮೊದಲೇ ಬಂದು ಕೂತಿದ್ದರು.

ಅತಿ ಹೆಚ್ಚು ಓಡಿದ್ದು ‘ಚಿಲ್ಲರೆ ಕಟ್ಟೆ’. ರಟ್ಟಿನಲ್ಲಿ ಹಾಲಿ, ಕಲ್ದಾರ್ ಎರಡನ್ನೂ ಕತ್ತರಿಸಿದೆವು. ಪ್ರತಿ ಮಗುವಿಗೆ 21 ಹಾಲಿ. ನೀಲಿ ಬಟ್ಟೆ ದಾಟುವಾಗ ಕಟ್ಟೆಯಲ್ಲಿ ಬದಲಿಸಿಕೊಳ್ಳಬೇಕು. 18 ಕಲ್ದಾರ್ ಸಿಗುತ್ತದೆ. ಆಚೆ ಖೋಲಿಯಲ್ಲಿ ಅದಕ್ಕೆ ಬೆಲ್ಲ, ಶೇಂಗಾ. ಎರಡನೇ ದಿನಕ್ಕೆ ಹುಡುಗರು ಕಟ್ಟೆಗೆ ಬರದೆ ತಮ್ಮೊಳಗೇ ಬದಲಿಸಿಕೊಳ್ಳಲು ಶುರು ಮಾಡಿದರು, ಅದೂ ಲಾಭ ಇಟ್ಟುಕೊಂಡು. ಒಬ್ಬ ಅಜ್ಜ ನೋಡಿ, ‘ಅವಾಗೂ ಹಿಂಗ ಇತ್ತು’ ಅಂತ ನಕ್ಕರು.

ಸಂಜೆ ಐದರ ಮೇಲೆ ಮಾತಿಗೆ ಇಡಿ. ಮೈಕು, ವೇದಿಕೆ ಬೇಡ. ಚಾಪೆ ಹಾಸಿ. ಒಂದು ಸಂಜೆ ಉರ್ದು ಕಾಗದ ಓದಿಸುವುದು: ಮನೆಯಲ್ಲಿ ಓದಲಾಗದೆ ಇಟ್ಟಿದ್ದ ಕಾಗದ ತನ್ನಿ, ಮಾಸ್ತರರು ಓದಿ ಹೇಳುತ್ತಾರೆ ಅಂತ ಡಂಗುರ ಹೊಡೆಸಿದೆವು. ಮೂವತ್ತು ಜನ ಚೀಲ ಹಿಡಿದು ಬಂದರು. ಮುತ್ತಜ್ಜನ ಸಾಲದ ಪತ್ರ ಅಂತ ಎಪ್ಪತ್ತು ವರ್ಷ ಹೆದರಿ ಮುಚ್ಚಿಟ್ಟದ್ದು ಒಂದು ಎತ್ತಿನ ಖರೀದಿ ಚೀಟಿ ಆಗಿತ್ತು. ಇನ್ನೊಂದು ಸಂಜೆ ‘ಇವರು ಯಾರು?’: ಗುರುತು ಸಿಗದ ಹಳೇ ಫೋಟೊಗಳನ್ನು ಸಾಲಾಗಿ ಇಟ್ಟು ಪಕ್ಕದಲ್ಲಿ ಪೆನ್ಸಿಲು, ಕಾಗದ ಇಟ್ಟೆವು. ಒಂಬತ್ತರಲ್ಲಿ ಆರಕ್ಕೆ ಹೆಸರು ಸಿಕ್ಕಿತು. ಒಂದಕ್ಕೆ ಎರಡು ಮನೆಯವರು ‘ನಮ್ಮಜ್ಜ’ ಅಂತ ಬರೆದಿದ್ದಾರೆ, ಅದಿನ್ನೂ ಇತ್ಯರ್ಥವಾಗಿಲ್ಲ.

ಹೊರಗೆ ಕರೆದೊಯ್ಯುವುದಿದ್ದರೆ ಒಂದೇ ಜಾಗ ಸಾಕು. ಕೊಪ್ಪಳದವರಿಗೆ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು ಒಂದೇ ಬೆಳಗಿನಲ್ಲಿ ಆಗುತ್ತದೆ. ಎರಡೂ ಕಡೆ ಅಶೋಕನ ಶಾಸನ ಇದೆ, 1931ರಲ್ಲಿ ಬೆಳಕಿಗೆ ಬಂದವು. ಬೆಳಿಗ್ಗೆ ಏಳಕ್ಕೆ ಹೊರಡಿ, ನೀರು ಒಯ್ಯಿರಿ, ಅಕ್ಷರದ ಮೇಲೆ ಬೆರಳಾಡಿಸಬಾರದು ಅಂತ ಬಸ್ಸಿನಲ್ಲೇ ಹೇಳಿ.

ಮರಳಿಸುವುದು

ಪ್ರದರ್ಶನ ಮುಗಿದ ಮೂರು ದಿನದೊಳಗೆ ಎಲ್ಲ ಸಾಮಾನು ಮನೆ ಸೇರಬೇಕು. ‘ಬಂದು ಒಯ್ಯಿರಿ’ ಅನ್ನಬೇಡಿ, ನೀವೇ ಒಯ್ಯಿರಿ. ತರುವಾಗ ಹೋದವರೇ ಕೊಡುವಾಗಲೂ ಹೋಗಬೇಕು. ಚೀಟಿ ತೆಗೆದು ನೆಗ್ಗು, ಬೆಸುಗೆ ಒಂದೊಂದೇ ತೋರಿಸಿ ಸಹಿ ಹಾಕಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಫೋಟೊದ ಒಂದು ಒಳ್ಳೆಯ ಪ್ರಿಂಟು, ರೆಕಾರ್ಡ್ ಮಾಡಿದ ಮಾತಿನ ಒಂದು ಪ್ರತಿ ಮನೆಯವರ ಫೋನಿಗೆ. ಏನಾದರೂ ಒಡೆದಿದ್ದರೆ ಮೊದಲ ವಾಕ್ಯದಲ್ಲೇ ಹೇಳಿ. ನಿಮ್ಮ ಕಡೆಯ ಸ್ಕ್ಯಾನು, ರೆಕಾರ್ಡು, ಚೀಟಿಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಬೇರೆ ಮನೆಗಳಲ್ಲಿ ಇಡಿ.

ಮೊದಲ ವರ್ಷ ಆ ಬೆಳ್ಳಿ ರೂಪಾಯಿಯನ್ನು ಮರಳಿಸಲು ಹೋದಾಗ ಮನೆಯವರು ನಾಣ್ಯ ನೋಡಿಕೊಂಡು, ಸಹಿ ಹಾಕಿ, ಮತ್ತೆ ಬಾಗಿಲಿಗೆ ಬಂದು ಕರೆದರು. ‘ಅದರ ಮುಂದ ಬರೆದು ಇಟ್ಟಿದ್ರಲ್ಲ, ಆ ಚೀಟಿನೂ ಕೊಡ್ರೀ’ ಅಂದರು. ಕಸದ ಬುಟ್ಟಿಗೆ ಹೋಗಿತ್ತು. ಈಗ ಪ್ರತಿ ಬರಹವನ್ನೂ ಎರಡು ಪ್ರತಿ ತೆಗೆಸುತ್ತೇವೆ. ಒಂದು ನಮ್ಮ ಫೈಲಿಗೆ, ಒಂದು ಸಾಮಾನಿನ ಜೊತೆ ಅವರ ಟ್ರಂಕಿಗೆ.